ಬೇಕಲ ಕೋಟೆ ಮತ್ತು ನಮ್ಮ ಅಳತೆಗೋಲು

(ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತು)



ಕೇರಳ ಪ್ರವಾಸೋದ್ಯಮದ ಜಾಹೀರಾತಿನಲ್ಲಿ ಬೇಕಲ ಕೋಟೆ ಕಂಡರೆ ನಮಗೆಲ್ಲ ಹೊಟ್ಟೆ ಉರಿಯುತ್ತೆ. ಕೆಳದಿಯ ಶಿವಪ್ಪನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ. 1956ರಲ್ಲಿ ಕಾಸರಗೋಡಿನ ಜೊತೆ ಕೇರಳದ ಪಾಲಾಯ್ತು.

ಆದರೆ ಗೆಳೆಯರೇ, ಬೆಳಗಾವಿ ಮಾತು ಬಂದಾಗ ನಾವು ‘ಮಹಾಜನ ವರದಿಯೇ ಅಂತಿಮ’ ಅಂತೀವಿ. 1967ರ ಅದೇ ವರದಿ ನಮಗೆ ಕೊಡಿ ಎಂದದ್ದು ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನು ಮಾತ್ರ. ಬೇಕಲ ಇರೋದು ಹೊಳೆಯ ದಕ್ಷಿಣಕ್ಕೆ! ಅದೇ ವರದಿ ನಿಪ್ಪಾಣಿ, ಖಾನಾಪುರಗಳನ್ನು ಮಹಾರಾಷ್ಟ್ರಕ್ಕೆ ಕೊಡಿ ಎಂದಿತ್ತು. ಅದನ್ನು ನಾವು ಎಂದಾದರೂ ಬಾಯಿಬಿಟ್ಟು ಹೇಳಿದ್ದೇವಾ?

ಹಾಗಂತ ಸುಮ್ಮನಿರಬೇಕಾಗಿಲ್ಲ. ಕೇಳುವುದನ್ನು ಸರಿಯಾಗಿ ಕೇಳೋಣ. ಬೇಕಲದ ಚಿತ್ರದ ಜೊತೆ ಕಟ್ಟಿಸಿದವನ ಹೆಸರೂ ಇರಲಿ. ಹೊಳೆಯ ಉತ್ತರಕ್ಕಿರುವ ಕುಂಬಳೆ ಬಳಿಯ ಅನಂತಪುರದ ಸರೋವರ ದೇವಾಲಯವನ್ನು ಕೇರಳ ತನ್ನದೆಂದು ತೋರಿಸುವಾಗ, ಆ ಸೀಮೆಯ ಕನ್ನಡ, ತುಳು ಮಾತೂ ಕಾಣಲಿ. ಮಂಜೇಶ್ವರದ ಗೋವಿಂದ ಪೈಗಳ ಊರು ಅದು.

ಬೆಳಗಾವಿಯಲ್ಲಿ ಮರಾಠಿ ಆಡುವವರಿಗೂ ಇದೇ ಮರ್ಯಾದೆ ನಾವು ಕೊಡಬೇಕು. ಒಂದೇ ಅಳತೆಗೋಲು ಹಿಡಿದವನ ಮಾತಿಗೆ ತೂಕ ಜಾಸ್ತಿ. ಕಾಸರಗೋಡಿನ ಕನ್ನಡಿಗರಿಗೆ ಬೇಕಿರುವುದು ನಮ್ಮ ಸಿಟ್ಟಲ್ಲ, ಆ ತೂಕ.

ಸಿರಿಗನ್ನಡಂ ಗೆಲ್ಗೆ.