ದೋಣಿಯ ಯಂತ್ರವೂ ಒಂದು ಅಂಗುಲದ ಅಂತರವೂ

ಗಂಗೊಳ್ಳಿಯ ಅಳಿವೆಯನ್ನು ನೋಡಿಬಂದವರಿಗೆ ನಾಡದೋಣಿಗಳಲ್ಲಿ ಹೊರಗಡೆ ತೂಗುಬಿಟ್ಟ ಯಂತ್ರವು ಹೊಸದಲ್ಲ. 1909ರಲ್ಲಿ ಅಮೆರಿಕದ ಓಲೆ ಎವಿನ್‌ರೂಡನು ಇಂಥ ಯಂತ್ರವನ್ನು ಮಾರಾಟಕ್ಕೆ ತಂದನು. ಅವನೇ ಮೊದಲಿಗನಲ್ಲವಾದರೂ ಅದು ಸಾಮಾನ್ಯರ ಕೈಸೇರಿದ್ದರಲ್ಲಿ ಅವನ ಪಾಲು ದೊಡ್ಡದು. ಈ ಯಂತ್ರವನ್ನು ಎಷ್ಟು ಎತ್ತರದಲ್ಲಿ ಬಿಗಿಯಬೇಕೆಂಬುದೇ ಇಂದು ನಮ್ಮ ಪ್ರಸ್ತಾಪ. ಅಲ್ಪ ವಿಷಯವೆಂದು ತೋರೀತು. ಅಳಿವೆಯಲ್ಲಿ ಅದು ಅಲ್ಪವಲ್ಲ.

ಯಂತ್ರದ ಕಾಲಿನಲ್ಲಿ, ಪ್ರೊಪೆಲರಿಗೆ ತುಸು ಮೇಲೆ, ಚಪ್ಪಟೆಯಾದ ಫಲಕವೊಂದು ಅಡ್ಡಲಾಗಿ ಚಾಚಿರುತ್ತದೆ. ನೀರಿನ ಮೇಲಣ ಗಾಳಿಯನ್ನು ಪ್ರೊಪೆಲರು ಸೆಳೆದುಕೊಳ್ಳದಂತೆ ತಡೆಯುವುದು ಅದರ ಕೆಲಸ. ಹಿಂಬದಿಯಲ್ಲಿ ಹಲಗೆಯುಳ್ಳ ಸಣ್ಣ ದೋಣಿಯಲ್ಲಿ ಈ ಫಲಕವು ತಳಕ್ಕೆ ಸಮನಾಗಿ, ಇಲ್ಲವೆ ಒಂದು ಅಂಗುಲದೊಳಗೆ ಕೆಳಗಿರಬೇಕು. (ಎರಡು ತುದಿಯೂ ಚೂಪಾದ ದೋಣಿಯ ಮಾತು ಬೇರೆ.) ಯಂತ್ರವನ್ನು ನೆಟ್ಟಗೆ ನಿಲ್ಲಿಸಿ, ನೇರವಾದ ಪಟ್ಟಿಯೊಂದನ್ನು ತಳಕ್ಕೆ ಆನಿಸಿ ಹಿಂದಕ್ಕೆ ಚಾಚಿದರೆ ಅಂತರವು ತಿಳಿಯುತ್ತದೆ.

ಯಂತ್ರವು ಮೇಲಾದರೆ ಕೇಡೇನು? ಅಲೆಯು ಹಿಂಬದಿಯನ್ನು ಎತ್ತಿದೊಡನೆ ಪ್ರೊಪೆಲರು ನೀರನ್ನು ಬಿಟ್ಟು ಗಾಳಿಯನ್ನು ಕಡೆಯುತ್ತದೆ. ಯಂತ್ರವು ಅರಚುತ್ತದೆ, ದೋಣಿ ಮುಂದರಿಯದು. ಇಂಥ ದೋಣಿಯನ್ನು ತಿರುಗಿಸುವುದೂ ಪ್ರೊಪೆಲರಿನ ನೂಕೇ ಆದುದರಿಂದ ಚುಕ್ಕಾಣಿಯೂ ಕೈಬಿಟ್ಟಂತಾಗುತ್ತದೆ. ಆಗಲೇ ಹಿಂದಣ ಅಲೆಯು ಬಂದು ದೋಣಿಯನ್ನು ಅಡ್ಡಕ್ಕೆ ತಿರುಗಿಸಿದರೆ ಮುಂದಿನದನ್ನು ಹೇಳಬೇಕಾಗಿಲ್ಲ. ತಂಪಿಗಾಗಿ ನೀರೆಳೆಯುವ ರಂಧ್ರಗಳೂ ಗಾಳಿಯನ್ನೇ ಎಳೆದು ಯಂತ್ರವು ಕಾದುಹೋಗುವುದು ಮತ್ತೊಂದು ಅಪಾಯ.

ಇದಕ್ಕೆ ಹೆದರಿ, ಆಳವಿದ್ದಷ್ಟೂ ಕ್ಷೇಮವೆಂದು ನಂಬಿ, ನಾವೊಮ್ಮೆ ಯಂತ್ರವನ್ನು ಬಹಳ ಕೆಳಗೆ ಬಿಗಿದೆವು. ವೇಗ ಕುಂದಿತು, ಎಣ್ಣೆ ಹೆಚ್ಚು ಸುಟ್ಟಿತು, ನೀರು ಸಿಡಿದು ನಮ್ಮನ್ನೇ ತೋಯಿಸಿತು. ಕೊನೆಗೆ ಮರಳದಿಬ್ಬಕ್ಕೆ ಯಂತ್ರದ ಕಾಲು ತಗುಲಿ ದೋಣಿ ನಿಂತಿತು. ದಡಕ್ಕೆ ಹುಟ್ಟುಹಾಕುತ್ತ ಬಂದೆವು.

ಯಂತ್ರದ ಕಾಲು ಸಾಮಾನ್ಯವಾಗಿ 15 ಅಥವಾ 20 ಅಂಗುಲದ ಹಲಗೆಗೆ ಹೊಂದುವಂತೆ ಬರುತ್ತದೆ. ಕೊಳ್ಳುವ ಮುನ್ನವೇ ಹಲಗೆಯನ್ನು ಅಳೆಯತಕ್ಕದ್ದು. ಸ್ವಲ್ಪದ ವ್ಯತ್ಯಾಸವಾದರೆ ಹಲಗೆಯ ಮೇಲೆ ಗಟ್ಟಿಮರದ ತುಂಡನ್ನು ಭದ್ರವಾಗಿ ಕೂರಿಸಿ, ಅರ್ಧರ್ಧ ಅಂಗುಲದಂತೆ ಏರಿಸಿ ನೋಡಬಹುದು. ಬರಿದಾದ ದೋಣಿಯಲ್ಲಿ ಪರೀಕ್ಷಿಸಿ ಫಲವಿಲ್ಲ: ಎಂದಿನಷ್ಟು ಜನ, ಎಂದಿನಷ್ಟು ಬಲೆ ಇರಬೇಕು, ಅವು ಎಂದಿನ ಜಾಗದಲ್ಲಿಯೇ ಇರಬೇಕು. ಭಾರವೆಲ್ಲ ಮುಂದಕ್ಕೆ ಸರಿದರೆ ಹಿಂಬದಿಯು ಮೇಲೇಳುತ್ತದೆ. ತಿರುವಿನಲ್ಲಿ ಯಂತ್ರವು ಅರಚಿದರೆ, ಇಲ್ಲವೆ ಹೊರಗೆ ಚಿಮ್ಮುವ ತಂಪುನೀರಿನ ಧಾರೆಯು ತಡೆತಡೆದು ಬಂದರೆ, ಅರ್ಧ ಅಂಗುಲ ಇಳಿಸತಕ್ಕದ್ದು.

ಮೊದಲ ಓಟದ ಬಳಿಕ ಬಿಗಿತಿರುಪುಗಳು ಸಡಿಲವಾಗಿರಬಹುದು. ಅವನ್ನು ಮತ್ತೊಮ್ಮೆ ಬಿಗಿದು, ಯಂತ್ರವನ್ನು ಸರಪಳಿಯಿಂದ ದೋಣಿಗೆ ಕಟ್ಟಿದ ಮೇಲೆಯೇ ಅಳಿವೆಯ ಕಡೆಗೆ ಹೊರಡಬೇಕು.