ಕ್ರಿಸ್‌ಮಸ್ ರಜೆಯ ನಂತರದ ಮನೆಕಸ: ಗ್ರಾಮ ಪಂಚಾಯತ್ ಸದಸ್ಯರ ಹೊಣೆ

(ಗ್ರಾಮ ಪಂಚಾಯತ್ ಸದಸ್ಯರ ಮಾಹಿತಿ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಉಡುಪಿ ಜಿಲ್ಲೆಯ ಶಿರ್ವ, ಬೆಳ್ಳೆ, ಕಲ್ಯಾಣಪುರದಂತಹ ಗ್ರಾಮಗಳಲ್ಲಿ ಕ್ರಿಸ್‌ಮಸ್ ಎಂಬುದು ಡಿಸೆಂಬರ್ 25ರ ಒಂದೇ ದಿನಕ್ಕೆ ಮುಗಿಯುವ ಹಬ್ಬವಲ್ಲ. ಮುಂಬಯಿಯಿಂದ, ಕೊಲ್ಲಿ ರಾಷ್ಟ್ರಗಳಿಂದ ಊರಿಗೆ ಬಂದ ಮನೆಮಂದಿ ಹೊಸ ವರ್ಷದವರೆಗೂ ಉಳಿಯುತ್ತಾರೆ. ಕುಸ್ವಾರ್ ನೆರೆಹೊರೆಯ ಎಲ್ಲ ಮತದವರ ಮನೆಗಳಿಗೂ ಹೋಗುತ್ತದೆ. ಆದುದರಿಂದ ಈ ಅವಧಿಯ ಕಸವು ಒಂದು ಸಮುದಾಯದ್ದಲ್ಲ, ಇಡೀ ಗ್ರಾಮದ್ದು. ಜನವರಿ 6ರ ಮೂವರು ರಾಜರ ಹಬ್ಬದ ವೇಳೆಗೆ ಗೋದಲಿ ಮತ್ತು ನಕ್ಷತ್ರಗಳನ್ನು ಇಳಿಸಿದಾಗ, ಎರಡು ವಾರಗಳ ಕಸವು ಒಮ್ಮೆಲೇ ಸ್ವಚ್ಛ ವಾಹಿನಿಯನ್ನು ಏರುತ್ತದೆ.

ಈ ಕಸಕ್ಕೆ ಬೆಲೆಯಿದೆಯೇ ಇಲ್ಲವೇ ಎಂಬುದು ಘಟಕದಲ್ಲಿ ತೀರ್ಮಾನವಾಗುವುದಿಲ್ಲ. ಮನೆಯ ಅಡುಗೆಕೋಣೆಯಲ್ಲೇ ತೀರ್ಮಾನವಾಗುತ್ತದೆ. ಒಣಗಿದ ರಟ್ಟು ಮಾರಾಟದ ವಸ್ತು; ಸಾರಿನಲ್ಲಿ ನೆನೆದ ಅದೇ ರಟ್ಟನ್ನು ಕೊಳ್ಳುವವರಿಲ್ಲ. ಸ್ವಚ್ಛ ಸಂಕೀರ್ಣದಲ್ಲಿ ದುಡಿಯುವ ಸಂಜೀವಿನಿ ಒಕ್ಕೂಟದ ಮಹಿಳೆಯರ ದುಡಿಮೆಗೆ ಮನೆಗಳ ಸೇವಾ ಶುಲ್ಕ ಮತ್ತು ಒಣಕಸದ ಮಾರಾಟವೇ ಆಧಾರ. ಬೆರೆತ ಕಸ ಬಂದ ದಿನ ಅವರ ಕೆಲಸ ಇಮ್ಮಡಿಯಾಗುತ್ತದೆ, ಆದಾಯ ಕುಗ್ಗುತ್ತದೆ. ಆ ಚೀಲದಲ್ಲಿ ಒಡೆದ ಗಾಜು ಇದ್ದರೆ ಕೈಯೂ ಕುಯ್ಯುತ್ತದೆ.

ಹಬ್ಬದ ಕಸದಲ್ಲಿ ವಿಶೇಷ ಗಮನ ಬೇಡುವ ವಸ್ತುಗಳು ಹೀಗಿವೆ.

ಕೇಕಿನ ಡಬ್ಬ: ಕಾಗದದ ತಿರುಳಿಗೆ ಜಿಡ್ಡು ಸೇರಿದರೆ ಹೊಸ ಕಾಗದ ಕೆಡುತ್ತದೆ. ಜಿಡ್ಡು ಹಿಡಿದ ಭಾಗವನ್ನು ಹರಿದು ಬೇರ್ಪಡಿಸಿ, ಉಳಿದ ರಟ್ಟನ್ನು ಚಪ್ಪಟೆ ಮಾಡಿ ಕೊಡಬೇಕು.

ಉಡುಗೊರೆಯ ಹೊದಿಕೆ: ಮುಷ್ಟಿಯಲ್ಲಿ ಮುದುಡಿ ಬಿಟ್ಟಾಗ ಹಾಗೆಯೇ ಮುದುಡಿಕೊಂಡಿದ್ದರೆ ಅದು ಕಾಗದ, ಮತ್ತೆ ಅರಳಿಕೊಂಡರೆ ಪ್ಲಾಸ್ಟಿಕ್. ಈ ಪರೀಕ್ಷೆಯನ್ನು ಮಕ್ಕಳೂ ಮಾಡಬಲ್ಲರು. ಎರಡನ್ನೂ ಬೇರೆ ಬೇರೆ ಚೀಲಗಳಲ್ಲಿಡಬೇಕು.

ಸೀರಿಯಲ್ ದೀಪ ಮತ್ತು ಬ್ಯಾಟರಿ: ತಾಮ್ರಕ್ಕಾಗಿ ತಂತಿಯನ್ನು ಸುಟ್ಟರೆ ಅದರ ಪಿ.ವಿ.ಸಿ. ಹೊದಿಕೆಯಿಂದ ವಿಷಾನಿಲ ಹೊರಡುತ್ತದೆ. ಇವನ್ನು ಪ್ರತ್ಯೇಕವಾಗಿ ಸಂಗ್ರಹಿಸಿ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು. ಆಟಿಕೆಗಳ ಗುಂಡಿ ಬ್ಯಾಟರಿಗಳನ್ನು ಮಕ್ಕಳು ನುಂಗುವ ಅಪಾಯವಿದೆ. ಲಿಥಿಯಂ ಬ್ಯಾಟರಿ ಒಣಕಸದ ರಾಶಿಗೆ ಸೇರಿ ಜಜ್ಜಿಹೋದರೆ ಬೆಂಕಿ ಹೊತ್ತಿಕೊಳ್ಳಬಹುದು.

ಗೋದಲಿ ಮತ್ತು ಮರ: ಬಣ್ಣ ಹಾಗೂ ಮಿನುಗುಪುಡಿ ತಗಲದ ಒಣಹುಲ್ಲು ಗೊಬ್ಬರದ ಗುಂಡಿಗೆ ಯೋಗ್ಯ. ಗಾಳಿಮರದ ಕೊಂಬೆಗಳನ್ನು ಕಡಿದು ತೆಂಗಿನ ಬುಡಕ್ಕೆ ಹೊದಿಕೆಯಾಗಿ ಹಾಕಬಹುದು. ಕೃತಕ ಮರದಲ್ಲಿ ಪ್ಲಾಸ್ಟಿಕ್ ಮತ್ತು ಕಬ್ಬಿಣದ ತಂತಿ ಬೆಸೆದುಕೊಂಡಿರುವುದರಿಂದ ಮರುಬಳಕೆ ಕಷ್ಟಸಾಧ್ಯ; ಅದನ್ನು ಜೋಪಾನವಾಗಿ ಕಟ್ಟಿಟ್ಟು ಹಲವು ವರ್ಷ ಬಳಸುವುದೇ ಲೇಸು. ನಕ್ಷತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಬಾಟಲಿಗಳು: ಒಡೆಯದ ಬಾಟಲಿಗೆ ಬೆಲೆಯಿದೆ. ಒಡೆದದ್ದನ್ನು ದಪ್ಪ ಕಾಗದದಲ್ಲಿ ಸುತ್ತಿ, ಹೊರಗೆ ‘ಗಾಜು’ ಎಂದು ಬರೆದು, ವಾಹನ ಸಿಬ್ಬಂದಿಯ ಗಮನಕ್ಕೆ ತಂದು ಕೊಡಬೇಕು.

ಊಟದ ಉಳಿಕೆ: ಅಡಿಕೆ ಹಾಳೆಯ ತಟ್ಟೆ ಕೊಳೆತು ಗೊಬ್ಬರವಾಗುತ್ತದೆ. ಕಾಗದದ ತಟ್ಟೆಯ ಒಳಮೈಗೆ ಪ್ಲಾಸ್ಟಿಕ್ ಪದರವಿದ್ದರೆ ಅದು ಗೊಬ್ಬರಕ್ಕೂ ಸಲ್ಲದು, ಮಾರಾಟಕ್ಕೂ ಸಲ್ಲದು. ಮುಂದಿನ ಸಮಾರಂಭಗಳಿಗೆ ತಟ್ಟೆ ಆರಿಸುವಾಗಲೇ ಇದನ್ನು ಯೋಚಿಸಬೇಕಾಗುತ್ತದೆ.

ಕಾನೂನೂ ಸ್ಪಷ್ಟವಾಗಿದೆ. ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸವನ್ನು ಮೂಲದಲ್ಲೇ ವಿಂಗಡಿಸುವ ಹೊಣೆಯನ್ನು ಮನೆಯವರ ಮೇಲಿರಿಸಿವೆ. ಬಯಲಿನಲ್ಲಿ ಸುಡುವುದನ್ನು ನಿಷೇಧಿಸಿವೆ. ಅಲಂಕಾರದ ಥರ್ಮೋಕೋಲ್, ಪ್ಲಾಸ್ಟಿಕ್ ತಟ್ಟೆ ಮತ್ತು ಲೋಟ, ಸಿಹಿತಿಂಡಿ ಡಬ್ಬಗಳಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆ ಇವು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಆದರೂ ದಂಡದ ರಸೀದಿಗಿಂತ ಮೊದಲು ಸದಸ್ಯರ ಮಾತು ಮನೆಯನ್ನು ತಲುಪಬೇಕು. ತೋಟದ ಮೂಲೆಯಲ್ಲಿ ಕಸಕ್ಕೆ ಬೆಂಕಿಯಿಡುವವರಿಗೆ ಆ ಹೊಗೆ ತಮ್ಮದೇ ಮನೆಯ ಹಿರಿಯರ, ಎಳೆಯರ ಉಸಿರನ್ನು ಸೇರುತ್ತದೆ ಎಂಬುದನ್ನು ತಿಳಿಸಿ ಹೇಳಬೇಕಾಗಿದೆ.

ಈ ದಿಸೆಯಲ್ಲಿ ಸದಸ್ಯರಿಂದ ನಾಲ್ಕು ಕಾರ್ಯಗಳು ಅಪೇಕ್ಷಿತ.

1. ಡಿಸೆಂಬರ್ ಮೂರನೆಯ ವಾರದೊಳಗೆ ವಾರ್ಡಿನ ಮನೆಗಳಿಗೆ ವಿಂಗಡಣೆಯ ಮಾಹಿತಿ ನೀಡುವುದು. ಚರ್ಚ್, ಶಾಲೆ ಮತ್ತು ಸ್ವಸಹಾಯ ಸಂಘಗಳ ಸಹಕಾರ ಪಡೆಯುವುದು.

2. ಡಿಸೆಂಬರ್ 26ರಿಂದ ಜನವರಿ 10ರವರೆಗೆ ಸ್ವಚ್ಛ ವಾಹಿನಿಯ ಹೆಚ್ಚುವರಿ ಸುತ್ತುಗಳ ವೇಳಾಪಟ್ಟಿಯನ್ನು ಪಂಚಾಯತ್ ಸಭೆಯಲ್ಲಿ ನಿರ್ಣಯಿಸಿ ಪ್ರಕಟಿಸುವುದು.

3. ಇ-ತ್ಯಾಜ್ಯ ಮತ್ತು ಗಾಜಿಗೆ ಪಂಚಾಯತ್ ಕಚೇರಿಯಲ್ಲಿ ಪ್ರತ್ಯೇಕ ಪೆಟ್ಟಿಗೆಗಳನ್ನು ಇರಿಸುವುದು.

4. ವಿಂಗಡಣೆ ಮಾಡುವ ಮಹಿಳೆಯರಿಗೆ ದಪ್ಪ ಕೈಗವಸು, ಮುಖಗವಸು, ಪಾದರಕ್ಷೆಗಳು ಹಬ್ಬಕ್ಕೆ ಮೊದಲೇ ದೊರೆಯುವಂತೆ ನೋಡಿಕೊಳ್ಳುವುದು.

ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಎಂ.ಆರ್.ಎಫ್. ಘಟಕವಿದೆ. ಯಂತ್ರವು ಒಣಕಸವನ್ನು ಬೇರ್ಪಡಿಸಬಲ್ಲದು, ಒತ್ತಿ ಕಟ್ಟಬಲ್ಲದು. ಸಾರಿನಲ್ಲಿ ನೆನೆದ ರಟ್ಟನ್ನು ಮತ್ತೆ ಒಳ್ಳೆಯ ರಟ್ಟಾಗಿಸದು. ಜನವರಿಯಲ್ಲಿಯೇ ಅತ್ತೂರಿನ ಹಬ್ಬ ಬರುತ್ತದೆ, ಬೆನ್ನಿಗೇ ಊರೂರಿನ ಜಾತ್ರೆ, ನೇಮಗಳು ಬರುತ್ತವೆ. ಕ್ರಿಸ್‌ಮಸ್‌ನಲ್ಲಿ ಮನೆಗಳು ರೂಢಿಸಿಕೊಂಡ ಕ್ರಮ ಆ ಎಲ್ಲ ಸಂದರ್ಭಗಳಿಗೂ ನೆರವಾಗುತ್ತದೆ. ಪ್ರತಿ ಸದಸ್ಯರೂ ಈ ಕಾರ್ಯವನ್ನು ಮೊದಲು ತಮ್ಮ ಮನೆಯಲ್ಲಿ, ಅನಂತರ ತಮ್ಮ ವಾರ್ಡಿನಲ್ಲಿ ಕೈಗೊಳ್ಳಬೇಕೆಂದು ಕೋರಲಾಗಿದೆ.