ಉಸಿರಿನ ಮೊದಲ ಪಾಠ



ಪ್ರಾಣಾಯಾಮವೆಂದರೆ ಮೂಗು ಹಿಡಿದು ಉಸಿರು ಕಟ್ಟುವುದೆಂದೇ ನಾವು ಬಹುಕಾಲ ಭಾವಿಸಿದ್ದೆವು. ನಲವತ್ತು ದಾಟಿದ ಮೇಲೆ, ಗುರುಮುಖವಿಲ್ಲದೆ, ಪುಸ್ತಕವೊಂದನ್ನೇ ನೆಚ್ಚಿ, ಮೊದಲ ದಿನವೇ ಕುಂಭಕಕ್ಕೆ ತೊಡಗಿದೆವು. ತಲೆ ಸುತ್ತಿ ಗೋಡೆ ಹಿಡಿಯಬೇಕಾಯಿತು. ಆ ಅವಿವೇಕವೇ ಈ ಭಾಷಣಕ್ಕೆ ಕಾರಣ.

ಪತಂಜಲಿಯು ಅಷ್ಟಾಂಗಗಳಲ್ಲಿ ಪ್ರಾಣಾಯಾಮವನ್ನು ಆಸನದ ಅನಂತರವೇ ಇರಿಸಿರುವುದು ಸಕಾರಣವಾದುದು. ಮೈ ನೆಲೆಗೊಳ್ಳದೆ ಉಸಿರು ನೆಲೆಗೊಳ್ಳದು. ಆದುದರಿಂದ ಬೆಳಗ್ಗೆ ಬರಿಯ ಹೊಟ್ಟೆಯಲ್ಲಿ, ಬೆನ್ನು ನೆಟ್ಟಗಿರುವಂತೆ ಸುಖವಾಗಿ ಕುಳಿತುಕೊಳ್ಳತಕ್ಕದ್ದು. ಅಂಗೈ ಹೊಟ್ಟೆಯ ಮೇಲಿರಲಿ. ನಾಲ್ಕು ಎಣಿಸುವವರೆಗೆ ಮೂಗಿನಿಂದ ಪೂರಕ, ಆರು ಎಣಿಸುವವರೆಗೆ ರೇಚಕ. ಪೂರಕದಲ್ಲಿ ವಪೆಯು ಕೆಳಗಿಳಿಯುವುದರಿಂದ ಅಂಗೈ ಮೆಲ್ಲನೆ ಮುಂದೆ ಸರಿಯುವುದು. ಅದೇ ಸರಿಯಾದ ಗುರುತು. ಎಣಿಕೆಯೊಂದಕ್ಕೆ ಸೆಕೆಂಡಾದರೆ ನಿಮಿಷಕ್ಕೆ 6 ಉಸಿರಾಗುವುವು. ಸಾಮಾನ್ಯವಾಗಿ ವಯಸ್ಕರದು 12ರಿಂದ 20. ರೇಚಕವು ದೀರ್ಘವಾದಾಗ ಹೃದಯದ ಬಡಿತವೂ ತುಸು ನಿಧಾನಗೊಳ್ಳುವುದು. 5 ನಿಮಿಷ ಸಾಕು. ಎಣಿಕೆ ಕಷ್ಟವೆನಿಸಿದರೆ ಕುಗ್ಗಿಸಬಹುದು; ತಲೆ ಸುತ್ತಿದರೆ ಕೂಡಲೆ ನಿಲ್ಲಿಸತಕ್ಕದ್ದು. ಹೃದ್ರೋಗ, ಉಬ್ಬಸ ಮುಂತಾದುವುಳ್ಳವರು ಮೊದಲು ವೈದ್ಯರನ್ನು ಕೇಳುವುದು ಲೇಸು. ಕುಂಭಕದ ವಿಚಾರ ಗುರುವಿಗೇ ಬಿಟ್ಟದ್ದು.

ಹಠಯೋಗಪ್ರದೀಪಿಕೆಯು ಪ್ರಾಣವನ್ನು ಪಳಗಿಸುವುದಕ್ಕೆ ಆನೆಯ ಉಪಮೆಯನ್ನೂ ಕೊಟ್ಟಿದೆ. 1971ರವರೆಗೆ ಕಾಕನಕೋಟೆಯಲ್ಲಿ ನಡೆದ ಖೆಡ್ಡಾಗಳ ಕಥೆಯನ್ನು ಬಲ್ಲ ನಮ್ಮ ಜನರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಹಿಡಿದ ದಿನವೇ ಅಂಬಾರಿ ಹೊತ್ತ ಆನೆಯುಂಟೆ?